ಊರಿಗೆಲ್ಲ ಗೊತ್ತಿದ್ದ ಗುಟ್ಟು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ರಾತ್ರಿ ಊಟ ಆದ ಮೇಲೆ ಪತ್ತೇದಾರಿ ಕಾದಂಬರಿ ಓದೋದು ಹಾಸ್ಟೆಲ್‌ಗಳಲ್ಲಿ ಹಳೇ ಚಾಳಿ. ಎನ್. ನರಸಿಂಹಯ್ಯನವರ ಪುಸ್ತಕ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ ಹೋಗಿ ರಟ್ಟು ಕಿತ್ತು, ಕೊನೇ ಹಾಳೆ ಹರಿದು, ಕೊಲೆಗಾರ ಯಾರು ಅಂತ ಗೊತ್ತಾಗದೆ ಒದ್ದಾಡಿದವರು ನಮ್ಮಲ್ಲಿ ಎಷ್ಟೋ ಜನ. ಈಗ ಅದೇ ಕೆಲಸ ಮೊಬೈಲಿನಲ್ಲಿ ನಡೀತಾ ಇದೆ. ಇದನ್ನೆಲ್ಲ ಬಿಟ್ಟುಬಿಡಿ ಅಂತ ಬುದ್ಧಿ ಹೇಳೋದಕ್ಕೆ ನಾವು ಬಂದಿಲ್ಲ. ಇವತ್ತು ನಾವೂ ಒಂದು ಕೊಲೆಯ ವಿಚಾರವನ್ನೇ ಹೇಳ್ತೇವೆ. ಇದು ಕಟ್ಟುಕತೆಯಲ್ಲ, ನಡೆದದ್ದು. ಇದಕ್ಕೂ ಕೊನೇ ಹಾಳೆ ಇಲ್ಲ. ನೂರು ವರ್ಷ ದಾಟಿದರೂ ಕೊಂದವನು ಇಂಥವನು ಅಂತ ಯಾವ ಕೋರ್ಟೂ ಹೇಳಿಲ್ಲ.

ನಡೆದದ್ದು ಜರ್ಮನಿಯಲ್ಲಿ, ಬವೇರಿಯಾ ಪ್ರಾಂತ್ಯದಲ್ಲಿ, 1922ರಲ್ಲಿ. ಮ್ಯೂನಿಕ್ ನಗರದಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರ. ಅಲ್ಲಿ ಕೈಫೆಕ್ ಅಂತ ಒಂದು ಪುಟ್ಟ ಹಳ್ಳಿ. ಅದರ ಹಿಂದೆ, ಕಾಡಿನ ಮಗ್ಗುಲಿಗೆ, ಒಂಟಿಯಾಗಿ ಒಂದು ತೋಟದ ಮನೆ. ಅವರ ಭಾಷೆಯಲ್ಲಿ ‘ಹಿಂಟರ್’ ಅಂದರೆ ಹಿಂದೆ. ಹಾಗಾಗಿ ಜನ ಆ ಮನೆಯನ್ನ ಹಿಂಟರ್‌ಕೈಫೆಕ್ ಅಂತ ಕರೀತಿದ್ದರು. ಸರ್ಕಾರದ ದಫ್ತರಿನಲ್ಲಿ ಅಂಥ ಊರೇ ಇರಲಿಲ್ಲ. ಈಗ ಆ ಮನೆಯೂ ಇಲ್ಲ.

ಮನೆಯವರು ಅನುಕೂಲಸ್ಥ ರೈತರು. ಹಿರಿಯ ಆಂಡ್ರಿಯಾಸ್ ಗ್ರೂಬರ್, ವಯಸ್ಸು 63. ಹೆಂಡತಿ ಸೆಸಿಲಿಯಾ, 72. ಮಗಳು ವಿಕ್ಟೋರಿಯಾ ಗಾಬ್ರಿಯೆಲ್, 35. ಈಕೆ ವಿಧವೆ. ಜಮೀನಿನ ಕಾಗದ ಇದ್ದದ್ದು ಈಕೆ ಹೆಸರಿನಲ್ಲಿ, ಯಜಮಾನಿಕೆ ಅಪ್ಪನದು. ಈಕೆಯ ಮಕ್ಕಳು ಇಬ್ಬರು: ಅಜ್ಜಿಯ ಹೆಸರೇ ಇಟ್ಟುಕೊಂಡಿದ್ದ ಸೆಸಿಲಿಯಾ, 7 ವರ್ಷ. ಯೋಸೆಫ್, 2 ವರ್ಷ. ಇವರು ಐದು ಜನ. ಆರನೆಯವಳು ಮನೆಕೆಲಸದ ಮಾರಿಯಾ ಬೌಮ್‌ಗಾರ್ಟ್ನರ್, ವಯಸ್ಸು 44.

ಈ ಹೆಂಗಸು ಕೆಲಸಕ್ಕೆ ಅಂತ ಆ ಮನೆಗೆ ಬಂದದ್ದು 1922ರ ಮಾರ್ಚ್ 31ರ ಮಧ್ಯಾಹ್ನದ ಮೇಲೆ. ಜೊತೆಗೆ ಅವಳ ಅಕ್ಕನೋ ತಂಗಿಯೋ ಒಬ್ಬಳು ಬಂದಿದ್ದಳು. ಹೊಸ ಜಾಗ, ಒಂಟಿ ಮನೆ, ಒಬ್ಬಳನ್ನೇ ಕಳಿಸೋದು ಹೇಗೆ ಅಂತ ಬಂದಿರಬೇಕು. ಸ್ವಲ್ಪ ಹೊತ್ತು ಇದ್ದು ಹೊರಟುಹೋದಳು. ಆ ಆರು ಜನರನ್ನೂ ಜೀವಂತವಾಗಿ ನೋಡಿದ ಕೊನೇ ಹೊರಗಿನವಳು ಬಹುಶಃ ಅವಳೇ. ಆ ರಾತ್ರಿಯೇ ಎಲ್ಲರೂ ಸತ್ತರು.

ಕೊಲೆ ಹೇಗಾಯಿತು ಅಂತ ಪೊಲೀಸರು ಅಂದಾಜು ಮಾಡಿದ್ದು ಹೀಗೆ. ಮನೆ ಮತ್ತು ಕೊಟ್ಟಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮುದುಕ, ಮುದುಕಿ, ವಿಕ್ಟೋರಿಯಾ, ಏಳು ವರ್ಷದ ಹುಡುಗಿ, ಈ ನಾಲ್ವರೂ ಒಬ್ಬರ ಹಿಂದೆ ಒಬ್ಬರು ಕೊಟ್ಟಿಗೆ ಕಡೆ ಹೋಗಿದ್ದಾರೆ. ಅಲ್ಲೇ ತಲೆಗೆ ಹೊಡೆದು ಕೊಂದಿದ್ದಾರೆ. ಆಮೇಲೆ ಕೊಂದವನು ಮನೆಯೊಳಕ್ಕೆ ಬಂದು, ಮಲಗಿದ್ದ ಮಗುವನ್ನ, ತನ್ನ ಕೋಣೆಯಲ್ಲಿದ್ದ ಮಾರಿಯಾಳನ್ನ ಕೊಂದಿದ್ದಾನೆ. ಆ ಹುಡುಗಿಯ ಜೀವ ಮಾತ್ರ ಪೆಟ್ಟು ಬಿದ್ದ ಮೇಲೂ ಕೆಲವು ಗಂಟೆ ಇತ್ತು ಅಂತ ಡಾಕ್ಟರು ಹೇಳಿದರು. ಅವಳ ಕೂದಲು ಕಿತ್ತು ಬಂದಿತ್ತು. ಅವಳೇ ಕಿತ್ತುಕೊಂಡಿದ್ದಳು. ಇದಕ್ಕಿಂತ ಹೆಚ್ಚು ನಾವು ಹೇಳೋದಿಲ್ಲ. ರಕ್ತವನ್ನ ಬಣ್ಣಿಸಿ ಹೇಳೋರು ಬೇಕಾದಷ್ಟು ಜನ ಇದ್ದಾರೆ.

ಈ ಕಥೆಯನ್ನ ಹೇಳೋರೆಲ್ಲ ಕೊಲೆಗೆ ಮುಂಚಿನ ದಿನಗಳಿಂದ ಶುರು ಮಾಡ್ತಾರೆ. ಹಿಮ ಬಿದ್ದಿತ್ತು. ಕಾಡಿನಿಂದ ಮನೆ ಕಡೆಗೆ ಹೆಜ್ಜೆ ಗುರುತು ಇದ್ದವು, ವಾಪಸು ಹೋದ ಗುರುತು ಇರಲಿಲ್ಲ ಅಂತ ಆಂಡ್ರಿಯಾಸನೇ ನೆರೆಯವರಿಗೆ ಹೇಳಿದ್ದ. ಅಟ್ಟದ ಮೇಲೆ ಸಪ್ಪಳ ಕೇಳಿದ್ದ. ಮನೆಯ ಒಂದು ಬೀಗದಕೈ ಕಳೆದಿತ್ತು. ತಾನು ತರಿಸದ ಪತ್ರಿಕೆ ಮನೆ ಹತ್ತಿರ ಬಿದ್ದಿತ್ತು. ಇಷ್ಟಾದರೂ ಪೊಲೀಸರ ಹತ್ತಿರ ಹೋಗಲಿಲ್ಲ. ಹಿಂದೆ ಕೆಲಸಕ್ಕಿದ್ದವಳು ಬಿಟ್ಟುಹೋದದ್ದು ದೆವ್ವದ ಕಾಟಕ್ಕೆ ಹೆದರಿ ಅಂತಲೂ ಕಥೆಗಳಲ್ಲಿ ಸೇರಿಸ್ತಾರೆ. ಕೇಳೋದಕ್ಕೆ ರೋಮಾಂಚನ ಆಗ್ತದೆ, ನಿಜ. ಆದರೆ ಒಂದು ಮಾತು ಗಮನಿಸಿ. ಯಜಮಾನನಿಗೆ ಗೊತ್ತಿತ್ತು. ನೆರೆಯವರಿಗೆ ಗೊತ್ತಿತ್ತು. ಮನೆ ಸುತ್ತ ಯಾರೋ ಸುಳಿದಾಡ್ತಾ ಇದ್ದಾರೆ ಅಂತ ಗೊತ್ತಿದ್ದೂ, ಕೆಲಸಕ್ಕೆ ಬರೋ ಹೆಂಗಸಿಗೆ ‘ಎರಡು ದಿನ ತಡೆದು ಬಾ’ ಅಂತ ಹೇಳಿ ಕಳಿಸಿದವರು ಯಾರೂ ಕಾಣಿಸೋದಿಲ್ಲ.

ಪೊಲೀಸರು ಯಾಕೆ ಬೇಡ ಅಂದ ಆ ಮುದುಕ? ಸ್ವಭಾವ ಹಾಗಿತ್ತು, ಯಾರನ್ನೂ ಸೇರಿಸುತ್ತಿರಲಿಲ್ಲ ಅಂತಾರೆ. ಇರಬಹುದು. ಆದರೆ ಆ ಮನೆಯಲ್ಲಿ ಹೊರಗಿನವರು ಬಂದು ನೋಡಬಾರದಂಥ ವಿಷಯ ಇತ್ತು. ಎಲ್ಲ ಪುಸ್ತಕಗಳಲ್ಲೂ ಇದನ್ನ ‘ಆ ಕುಟುಂಬದ ಗುಟ್ಟು’ ಅಂತಲೇ ಬರೀತಾರೆ. ನಮ್ಮ ತಕರಾರು ಇರೋದು ಇಲ್ಲೇ. ಅದು ಗುಟ್ಟೇ ಆಗಿರಲಿಲ್ಲ.

1915ರಲ್ಲಿ ನಾಯ್‌ಬುರ್ಗ್ ಊರಿನ ಕೋರ್ಟು ಆಂಡ್ರಿಯಾಸ್‌ಗೂ ವಿಕ್ಟೋರಿಯಾಗೂ ಶಿಕ್ಷೆ ಕೊಟ್ಟಿತ್ತು. ಅಪರಾಧ ಏನು? 1907ರಿಂದ 1910ರವರೆಗೆ ಅಪ್ಪ ಮಗಳ ನಡುವೆ ಇದ್ದ ಸಂಬಂಧ. ಅಪ್ಪನಿಗೆ ಒಂದು ವರ್ಷ ಜೈಲು. ಮಗಳಿಗೆ ಒಂದು ತಿಂಗಳು. ಕಾಗದದಲ್ಲಿ ಬರೆದದ್ದು, ಮೊಹರು ಬಿದ್ದದ್ದು. ಊರಿನ ಚರ್ಚಿನಲ್ಲಿ, ಹೆಂಡದಂಗಡಿಯಲ್ಲಿ, ಹೊಲದಲ್ಲಿ ಎಲ್ಲರೂ ಆಡಿಕೊಂಡದ್ದು. ಹೀಗಿರುವಾಗ ಇದನ್ನ ಗುಟ್ಟು ಅಂತ ಯಾವ ಬಾಯಲ್ಲಿ ಹೇಳೋದು?

ಆ ತೀರ್ಪನ್ನ ಸ್ವಲ್ಪ ನಿಂತು ನೋಡಬೇಕು. ಸಂಬಂಧ ಶುರುವಾಯಿತು ಅಂತ ಕೋರ್ಟು ಹೇಳೋ ವರ್ಷ ಆ ಹುಡುಗಿಗೆ ಸುಮಾರು ಇಪ್ಪತ್ತು ವರ್ಷ. ಮನೆ ಅಪ್ಪನದು, ಅನ್ನ ಅಪ್ಪನದು, ಹತ್ತಿರದಲ್ಲಿ ಕೂಗಿದರೆ ಕೇಳೋ ಇನ್ನೊಂದು ಮನೆ ಇಲ್ಲ. ಅಂಥ ಕಡೆ ನಡೆದದ್ದಕ್ಕೆ ಕಾನೂನು ಇಬ್ಬರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿತು. ಅವನಿಗೆ ಹೆಚ್ಚು ತಿಂಗಳು, ಅವಳಿಗೆ ಕಡಿಮೆ ತಿಂಗಳು, ಅಷ್ಟೇ ವ್ಯತ್ಯಾಸ. ಅವಳು ಅಪರಾಧಿಯೋ, ಅನ್ಯಾಯಕ್ಕೆ ಒಳಗಾದವಳೋ ಅಂತ ಕೇಳಲಿಲ್ಲ. ಜೈಲಿನಿಂದ ಬಂದ ಮೇಲೆ ಅವಳು ಎಲ್ಲಿಗೆ ಹೋಗಬೇಕು? ಅದೇ ಮನೆಗೆ ಹೋದಳು. ಮುದುಕನೂ ವರ್ಷ ಕಳೆದು ಅದೇ ಮನೆಗೆ ಬಂದ.

ನಡುವೆ ಅವಳಿಗೆ ಮದುವೆ ಆಗಿತ್ತು. 1914ರಲ್ಲಿ ಕಾರ್ಲ್ ಗಾಬ್ರಿಯೆಲ್ ಅನ್ನೋನ ಜೊತೆ. ಅದೇ ವರ್ಷ ಮಹಾಯುದ್ಧ ಶುರುವಾಯಿತು. ಡಿಸೆಂಬರಿನಲ್ಲಿ ಅವನು ಫ್ರಾನ್ಸಿನ ರಣರಂಗದಲ್ಲಿ ಸತ್ತ. ಮಗಳು ಹುಟ್ಟಿದ್ದು ಅವನು ಸತ್ತ ಮೇಲೆ. (ಅವನು ಸಾಯಲೇ ಇಲ್ಲ, ಅವನೇ ಬಂದು ಕೊಂದ ಅಂತ ಒಂದು ಕಥೆ ಬಹಳ ವರ್ಷ ಓಡಿತು. ಅವನು ಸತ್ತದ್ದನ್ನ ನೋಡಿದ ಸಿಪಾಯಿಗಳು ಇದ್ದರು. ಆ ಕಥೆಯನ್ನ ಬಿಡೋಣ.) 1919ರಲ್ಲಿ ಗಂಡುಮಗು ಯೋಸೆಫ್ ಹುಟ್ಟಿತು. ತಂದೆ ಯಾರು ಅನ್ನೋ ಪ್ರಶ್ನೆ ಎದ್ದಿತು. ಹೆಂಡತಿ ಸತ್ತಿದ್ದ ನೆರೆಯ ರೈತನೊಬ್ಬ ವಿಕ್ಟೋರಿಯಾಳನ್ನ ಮದುವೆ ಆಗಬೇಕು ಅಂತಿದ್ದ. ಮುದುಕ ಒಪ್ಪಲಿಲ್ಲ ಅಂತ ಆತ ಹೇಳಿಕೆ ಕೊಟ್ಟಿದ್ದಾನೆ. ಆತ ಮುದುಕನ ಮೇಲೆ ದೂರು ಕೊಟ್ಟ, ಆಮೇಲೆ ಹಿಂದಕ್ಕೆ ತಗೊಂಡ, ಮಗು ತನ್ನದೇ ಅಂತ ಬರೆದುಕೊಟ್ಟ. ಇದೂ ಕಾಗದದಲ್ಲಿ ಇರೋದೇ.

ಹೀಗೆ ಕೋರ್ಟಿಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು. ಗೊತ್ತಿದ್ದವರು ಮಾಡಿದ್ದು ಏನು? ದೂರ ಇದ್ದರು. ಅವರ ಮನೆ ವಿಷಯ ನಮಗ್ಯಾಕೆ ಅಂದರು. ದೊಡ್ಡ ಮನೆಯ ಬಾಗಿಲ ಹೊರಗೆ ನಿಂತು ಹೀಗನ್ನೋ ಮಾತು ನಾವೆಲ್ಲ ನಮ್ಮ ನಮ್ಮ ಊರಲ್ಲಿ ಕೇಳಿಕೊಂಡೇ ಬೆಳೆದವರು, ಅದಕ್ಕೇ ಈ ಸಂಗತಿ ನಮಗೆ ಬೇಗ ಅರ್ಥ ಆಗ್ತದೆ.

ಆ ದೂರದ ಬೆಲೆ ಕೊಲೆಯಾದ ಮೇಲೆ ಕಾಣಿಸ್ತದೆ. ಮಾರ್ಚ್ 31 ಶುಕ್ರವಾರ. ಏಪ್ರಿಲ್ 1, ಶನಿವಾರ, ಹುಡುಗಿ ಸ್ಕೂಲಿಗೆ ಬರಲಿಲ್ಲ. ಅವತ್ತೇ ಕಾಫಿ ಮಾರೋರು ಬಂದು ಬಾಗಿಲು ಬಡಿದರು, ಯಾರೂ ತೆಗೀಲಿಲ್ಲ. ಭಾನುವಾರ ಆ ಮನೆಯವರು ಒಬ್ಬರೂ ಚರ್ಚಿನಲ್ಲಿ ಇಲ್ಲ. ವಿಕ್ಟೋರಿಯಾ ಅಲ್ಲಿ ಹಾಡೋರ ಗುಂಪಿನಲ್ಲಿ ಇದ್ದವಳು, ಅವಳ ಜಾಗ ಖಾಲಿ. ಸೋಮವಾರವೂ ಹುಡುಗಿ ಸ್ಕೂಲಿಗಿಲ್ಲ. ಆದರೆ ಚಿಮಣಿಯಲ್ಲಿ ಹೊಗೆ ಬರ್ತಾ ಇತ್ತು, ಕಂಡವರಿದ್ದರು. ದನಗಳಿಗೆ ಮೇವು ಬೀಳ್ತಾ ಇತ್ತು. ಮನೆಯಲ್ಲಿದ್ದ ರೊಟ್ಟಿ ಖಾಲಿಯಾಗಿತ್ತು, ಮಾಂಸ ಹೊಸದಾಗಿ ಕೊಯ್ದಿತ್ತು. ಅಂದರೆ ಕೊಂದವನೋ, ಅವನ ಕಡೆಯವನೋ, ಆರು ಹೆಣಗಳ ಜೊತೆ ಆ ಮನೆಯಲ್ಲಿ ಉಳಿದು, ಉಂಡು, ದನಗಳನ್ನ ನೋಡಿಕೊಂಡಿದ್ದಾನೆ.

ಮಂಗಳವಾರ, 4ನೇ ತಾರೀಖು, ಮೇವು ಕತ್ತರಿಸೋ ಮಿಷನ್ನಿನ ಎಂಜಿನ್ ರಿಪೇರಿಗೆ ಮೆಕಾನಿಕ್ ಒಬ್ಬ ಬಂದ. ಸುಮಾರು ಒಂದು ಗಂಟೆ ಕಾದ. ಯಾರೂ ಇಲ್ಲ. ಬೀಗ ಮುರಿದು ಎಂಜಿನ್ ಇದ್ದ ಜಾಗಕ್ಕೆ ಹೋಗಿ ನಾಲ್ಕೂವರೆ ಗಂಟೆ ಕೆಲಸ ಮಾಡಿದ. ಮುಗಿಸಿ, ಹತ್ತಿರದ ಹಳ್ಳಿಯಲ್ಲಿ ‘ರಿಪೇರಿ ಆಗಿದೆ, ಮನೆಯಲ್ಲಿ ಯಾರೂ ಕಾಣಲಿಲ್ಲ’ ಅಂತ ಹೇಳಿ ಹೋದ. ಆಗ ಸಂಜೆ ಮೂರು ಜನ ಒಳಕ್ಕೆ ಹೋದರು. ಆರು ಜನ ಸತ್ತ ನಾಲ್ಕು ದಿನಕ್ಕೆ ಊರಿಗೆ ಗೊತ್ತಾಯಿತು. ಅದೂ ಆ ಕೂಲಿಗಾರ ಬಂದಿದ್ದರಿಂದ.

ಮಾರಿಯಾಳ ವಿಚಾರಕ್ಕೆ ಬರೋಣ. ಈ ಕೊಲೆಯ ಮೇಲೆ ಪುಸ್ತಕ ಬಂದಿವೆ, ಸಿನಿಮಾ ಬಂದಿದೆ. ಆಂಡ್ರಿಯಾ ಮಾರಿಯಾ ಶೆಂಕೆಲ್ ಅನ್ನೋ ಲೇಖಕಿ 2006ರಲ್ಲಿ ಬರೆದ ‘ಟನ್ನೋಡ್’ ಕಾದಂಬರಿ ಇದನ್ನೇ ಆಧರಿಸಿದ್ದು, ಬಹಳ ಹೆಸರು ಮಾಡಿತು. ಎಲ್ಲ ಕಡೆ ಮುದುಕ, ಮಗಳು, ನೆರೆಯವನು, ಹೊನ್ನು, ಅಟ್ಟದ ಸಪ್ಪಳ ಇವೇ ಮಾತು. ಲೇಖನಗಳಲ್ಲಿ ಮಾರಿಯಾಗೆ ಸಿಗೋದು ಸಾಮಾನ್ಯವಾಗಿ ಒಂದೇ ವಾಕ್ಯ: ‘ಪಾಪ, ಅವತ್ತೇ ಕೆಲಸಕ್ಕೆ ಬಂದಿದ್ದಳು.’ ಅವಳ ದುರದೃಷ್ಟ ಅಂತ ಮುಗಿಸಿಬಿಡ್ತಾರೆ.

ದುರದೃಷ್ಟ ಅನ್ನೋ ಮಾತನ್ನ ನಾವು ಅಷ್ಟು ಸುಲಭಕ್ಕೆ ಒಪ್ಪೋದಿಲ್ಲ. 44 ವರ್ಷದ ಹೆಂಗಸು, ಗೊತ್ತಿಲ್ಲದ ಒಂಟಿ ಮನೆಗೆ ಚೀಲ ತಗೊಂಡು ಯಾಕೆ ಹೋಗ್ತಾಳೆ? ಆ ಕಾಲದ ಬವೇರಿಯಾದಲ್ಲಿ ಭೂಮಿ ಇಲ್ಲದವರ ಬದುಕು ಹಾಗಿತ್ತು. ರೈತರ ಮನೆಯಲ್ಲೇ ಉಂಡು, ಅಲ್ಲೇ ಮಲಗಿ, ವರ್ಷಕ್ಕೆ ಇಷ್ಟು ಅಂತ ದುಡಿಯೋ ಆಳುಗಳಿಗೆ ‘ಗೆಸಿಂಡೆ’ ಅಂತ ಹೆಸರು. ಫೆಬ್ರವರಿ 2ರ ಹಬ್ಬದ ದಿನ ಆಳುಗಳು ಮನೆ ಬದಲಾಯಿಸೋ ವಾಡಿಕೆ. ಕೆಲಸದವಳಿಗೆ ಅಂತ ಇರೋದು ಒಂದು ಸಣ್ಣ ಕೋಣೆ, ಒಂದು ಗಂಟು. ಯಜಮಾನನ ಮಾತು ಮೀರದ ಹಾಗೆ ಆಳುಗಳನ್ನ ಕಟ್ಟಿಹಾಕೋ ಬೇರೆ ಕಾನೂನುಗಳೇ ಜರ್ಮನಿಯಲ್ಲಿ ಇದ್ದವು. ಹತ್ತೊಂಬತ್ತನೇ ಶತಮಾನದ ಬವೇರಿಯಾದಲ್ಲಿ ಆಸ್ತಿ ಇಲ್ಲದವರು ಮದುವೆ ಆಗಬೇಕಾದರೂ ಊರಿನ ಒಪ್ಪಿಗೆ ಬೇಕಿತ್ತು. ಬಡವರ ಮಕ್ಕಳನ್ನ ಸಾಕೋ ಹೊರೆ ಊರಿನ ಮೇಲೆ ಬೀಳ್ತದೆ ಅಂತ ಊರು ಬೇಡ ಅನ್ನಬಹುದಿತ್ತು. ಎಷ್ಟೋ ಆಳುಗಳು ಸಾಯೋವರೆಗೆ ಕಂಡವರ ಮನೆಯ ಕೋಣೆಗಳಲ್ಲೇ ಮುದುಕರಾದರು.

1918ರ ನವೆಂಬರಿನಲ್ಲಿ ಯುದ್ಧ ಸೋತು, ಚಕ್ರವರ್ತಿ ದೇಶ ಬಿಟ್ಟು ಓಡಿದ. ಹೊಸ ಸರ್ಕಾರ ಮೊದಲ ವಾರದಲ್ಲೇ, 12ನೇ ತಾರೀಖು, ಆಳುಗಳ ಆ ಕಾನೂನುಗಳನ್ನೆಲ್ಲ ರದ್ದು ಮಾಡಿತು. ಅದು ದೊಡ್ಡ ಸಂಗತಿ, ಹೋರಾಡಿ ಪಡೆದದ್ದು. ಆದರೆ ಭೂಮಿ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಉಳೀತು. ಕಾನೂನು ಹೋಗಿ ಸುಮಾರು ಮೂರೂವರೆ ವರ್ಷ ಆಗಿತ್ತು ಮಾರಿಯಾ ಆ ಮನೆ ಬಾಗಿಲಿಗೆ ಬಂದಾಗ. ನಮ್ಮಲ್ಲಿ ಜೀತ ರದ್ದತಿ ಕಾನೂನು 1976ರಲ್ಲಿ ಬಂತು. ಕಾಗದದ ಮೇಲೆ ಬಿಡುಗಡೆ ಆದ ಮೇಲೆ ಮಾರನೇ ದಿನ ಬೆಳಿಗ್ಗೆ ಊಟಕ್ಕೆ ಎಲ್ಲಿಗೆ ಹೋಗೋದು ಅನ್ನೋ ಪ್ರಶ್ನೆ ನಿಮ್ಮ ಮನೆಯ ಹಿರಿಯರನ್ನ ಕೇಳಿದರೆ ಅವರೇ ಹೇಳ್ತಾರೆ.

ಹಾಗಂತ ಮಾರಿಯಾಳನ್ನ ನಮ್ಮ ಕೇರಿಯವಳು ಅಂತ ಹೇಳಿಬಿಡೋದು ಸರಿಯಲ್ಲ. ಅಲ್ಲಿ ಜಾತಿ ಇರಲಿಲ್ಲ. ಅವಳ ಚರ್ಚು, ಅವರ ಚರ್ಚು ಒಂದೇ. ಅವಳು ಅವರ ಅಡುಗೆಮನೆಗೆ ಹೋಗಬಹುದಿತ್ತು, ಅವಳು ಮುಟ್ಟಿದ ನೀರನ್ನ ಅವರು ಕುಡೀತಿದ್ದರು. ಭಾಷಣದ ರಭಸದಲ್ಲಿ ಎಲ್ಲ ನೋವೂ ಒಂದೇ ಅಂತ ಹೇಳೋ ಅಭ್ಯಾಸ ಕೆಲವರಿಗೆ ಇದೆ. ನಮಗೆ ಅದು ಬೇಡ. ಬಡತನ ಬೇರೆ, ಮುಟ್ಟಿಸಿಕೊಳ್ಳದಿರೋದು ಬೇರೆ. ನಾವು ಹೇಳೋದು ಇಷ್ಟೇ: ಆ ಮನೆಯ ವಿಚಾರ ಗೊತ್ತಿದ್ದ ಊರವರು ದೂರ ಇರಬಹುದಿತ್ತು, ಇದ್ದರು. ಹೊಟ್ಟೆಪಾಡಿಗೆ ಬಂದವಳಿಗೆ ಆ ಸವಲತ್ತು ಇರಲಿಲ್ಲ.

ಪತ್ತೇದಾರಿಕೆ ಮಾಡೋರಿಗೂ ಅವಳಿಂದ ಒಂದು ಪ್ರಶ್ನೆ ಹುಟ್ಟುತ್ತದೆ, ಕಥೆ ಹೇಳೋರು ಇದನ್ನ ಅಷ್ಟಾಗಿ ಕೇಳೋದಿಲ್ಲ. ಮನೆಯಲ್ಲಿ ಹೊಸಬಳೊಬ್ಬಳು ಇದ್ದಾಳೆ ಅಂತ ಕೊಂದವನಿಗೆ ಗೊತ್ತಿತ್ತೇ? ಅವನು ದಿನಗಟ್ಟಲೆ ಅಟ್ಟದಲ್ಲಿ ಅವಿತಿದ್ದರೆ, ಅವಳು ಬಂದದ್ದು ಅವನಿಗೆ ಕೇಳಿಸಿರಬೇಕು. ಅವನು ಹೊರಗಿನಿಂದ ಆ ರಾತ್ರಿ ಬಂದವನಾದರೆ, ಆ ಮನೆಯನ್ನ ಚೆನ್ನಾಗಿ ಬಲ್ಲ ಊರಿನವನಿಗೂ ಅವತ್ತು ಸಂಜೆ ಬಂದವಳ ಸುದ್ದಿ ಮುಟ್ಟಿರಲಾರದು. ಆಗ ಅವಳು ಅವನಿಗೆ ಅನಿರೀಕ್ಷಿತ. ಕೋಣೆಯ ಬಾಗಿಲು ತೆಗೆದಾಗ ಕಂಡವಳನ್ನ, ಗುರುತು ಹಿಡಿದು ಹೇಳದಿರಲಿ ಅಂತ ಕೊಂದಿರಬಹುದು. ಎರಡಕ್ಕೂ ಸಾಕ್ಷಿ ಇಲ್ಲ. ಆದರೆ ಎರಡೂ ಬೇರೆ ಬೇರೆ ಕೊಲೆಗಾರರ ಕಡೆಗೆ ಕೈ ತೋರಿಸ್ತವೆ. ಅವಳನ್ನ ‘ಪಾಪ’ ಅಂತ ಪಕ್ಕಕ್ಕೆ ಇಟ್ಟರೆ ಈ ದಾರಿಯೇ ಮುಚ್ಚಿಹೋಗ್ತದೆ.

ತನಿಖೆಯ ಕಥೆ ಬೇಗ ಹೇಳಿ ಮುಗಿಸಬಹುದು. ಮ್ಯೂನಿಕ್‌ನಿಂದ ಇನ್‌ಸ್ಪೆಕ್ಟರ್ ಗಿಯೋರ್ಗ್ ರೈನ್‌ಗ್ರೂಬರ್ ಮತ್ತು ಅವರ ಕಡೆಯವರು ಬರೋದರೊಳಗೆ ಊರಿನ ಜನ ಒಳಗೆಲ್ಲ ಓಡಾಡಿ, ಹೆಣಗಳನ್ನೂ ಸಾಮಾನುಗಳನ್ನೂ ಅತ್ತಿತ್ತ ಮಾಡಿದ್ದರು. ಮೊದಲು ಇದು ಅಲೆಮಾರಿಗಳ, ದರೋಡೆಕೋರರ ಕೆಲಸ ಅಂದರು. ಎಲ್ಲ ದೇಶದ ಪೊಲೀಸರಿಗೂ ಮೊದಲು ನೆನಪಾಗೋರು ಮನೆಮಠ ಇಲ್ಲದವರೇ. ಆದರೆ ಮನೆಯಲ್ಲಿ ಬಹಳಷ್ಟು ಹಣ, ಚಿನ್ನದ ನಾಣ್ಯ ಹಾಗೇ ಇದ್ದವು. ದರೋಡೆ ಮಾತು ನಿಂತಿತು. ಹಿಡಿದುಕೊಟ್ಟವರಿಗೆ ಒಂದು ಲಕ್ಷ ಮಾರ್ಕ್ ಬಹುಮಾನ ಸಾರಿದರು. ಮಾರನೇ ವರ್ಷ ಆ ದೇಶದಲ್ಲಿ ಹಣದ ಬೆಲೆ ಎಷ್ಟು ಬಿತ್ತು ಅಂದರೆ ಒಂದು ಲಕ್ಷಕ್ಕೆ ಒಂದು ರೊಟ್ಟಿಯೂ ಬರ್ತಿರಲಿಲ್ಲ. 1923ರಲ್ಲಿ ಮನೆ ಕೆಡವಿದಾಗ ಅಟ್ಟದಲ್ಲಿ ಬಚ್ಚಿಟ್ಟ ಗುದ್ದಲಿ ಸಿಕ್ಕಿತು. ಕೊಲೆ ಮಾಡಿದ ಆಯುಧ ಆ ಮನೆಯದೇ. ಪೊಲೀಸರು ವರ್ಷದ ಹಿಂದೆ ಅದೇ ಅಟ್ಟದ ಕೆಳಗೆ ಓಡಾಡಿದ್ದರು. ನೂರಕ್ಕೂ ಹೆಚ್ಚು ಜನರನ್ನ ವಿಚಾರಣೆ ಮಾಡಿದರು. 1955ರಲ್ಲಿ ಕೇಸು ಮುಚ್ಚಿದರು. 1986ರಲ್ಲೂ ಕೊನೇದಾಗಿ ಕೆಲವರನ್ನ ಕೇಳಿದರು. ಸಿಕ್ಕಲಿಲ್ಲ.

2007ರಲ್ಲಿ ಫ್ಯೂರ್ಸ್ಟನ್‌ಫೆಲ್ಡ್‌ಬ್ರುಕ್ ಅನ್ನೋ ಊರಿನ ಪೊಲೀಸ್ ಕಾಲೇಜಿನ ವಿದ್ಯಾರ್ಥಿಗಳು, ನಿಮ್ಮ ಹಾಗೇ ಓದ್ತಾ ಇದ್ದ ಹುಡುಗ ಹುಡುಗಿಯರು, ಹಳೇ ಕಡತಗಳನ್ನೆಲ್ಲ ಹರಡಿಕೊಂಡು ಕೂತರು. ಇಷ್ಟು ವರ್ಷ ಆದ ಮೇಲೆ ಸಾಬೀತು ಮಾಡೋದು ಸಾಧ್ಯವಿಲ್ಲ ಅಂತ ಬರೆದರು. ಒಬ್ಬನ ಮೇಲೆ ಅವರಿಗೆಲ್ಲ ಅನುಮಾನ ಒಂದಾಯಿತು. ಆದರೆ ಹೆಸರನ್ನ ಹೊರಗೆ ಹಾಕಲಿಲ್ಲ, ಆತನ ವಂಶದವರು ಬದುಕಿದ್ದಾರೆ ಅಂತ. ನಾವೂ ಅದಕ್ಕೇ ಇಲ್ಲಿ ಅನುಮಾನಕ್ಕೆ ಒಳಗಾದವರ ಹೆಸರು ಹೇಳಿಲ್ಲ. ಯಾವುದೇ ಕೋರ್ಟು ತಪ್ಪಿತಸ್ಥ ಅನ್ನದವನನ್ನ, ಊರು ಆಡಿಕೊಳ್ತದೆ ಅಂತ ಕೊಲೆಗಾರ ಅನ್ನೋದು, ನಾವೇ ಎಷ್ಟೋ ಸಲ ಅನುಭವಿಸಿದ ಕಷ್ಟ.

ಆರು ಜನರ ಹೆಣಗಳನ್ನ ಆ ತೋಟದ ಮನೆಯಲ್ಲೇ ಕೊಯ್ದು ನೋಡಿದರು. ತಲೆಗಳನ್ನ ಬೇರೆ ಮಾಡಿ ಮ್ಯೂನಿಕ್‌ಗೆ ಕಳಿಸಿದರು. ಅಲ್ಲಿ ಕಣಿ ಹೇಳೋರ ಮುಂದೆ ಇಟ್ಟು, ಕೊಂದವನು ಯಾರು ಅಂತ ಕೇಳಿದರು. 1922ರಲ್ಲಿ, ಜರ್ಮನಿಯಲ್ಲಿ. ಏನೂ ಗೊತ್ತಾಗಲಿಲ್ಲ. ತಲೆಗಳು ಮತ್ತೆ ವಾಪಸು ಬರಲೇ ಇಲ್ಲ, ಎರಡನೇ ಮಹಾಯುದ್ಧದ ಗಲಾಟೆಯಲ್ಲಿ ಕಳೆದುಹೋದವು. ದೇಹಗಳನ್ನ ಮಾತ್ರ ವೈಡ್‌ಹೋಫನ್ ಊರಿನ ಸ್ಮಶಾನದಲ್ಲಿ ಹೂಳಿದ್ದಾರೆ. ಐದು ಜನ ಒಂದೇ ಮನೆಯವರು. ಅವರ ಜೊತೆಗೆ, ಆ ಮನೆಯಲ್ಲಿ ಒಂದು ಮಧ್ಯಾಹ್ನ, ಒಂದು ಸಂಜೆ ಮಾತ್ರ ಇದ್ದ ಮಾರಿಯಾ ಬೌಮ್‌ಗಾರ್ಟ್ನರ್.